ಪಣಜಿಯ ಅಮಲೋದ್ಭವ ಮಾತೆಯ ಚರ್ಚು: ಇತಿಹಾಸ, ಪೀಠದ ಕೆತ್ತನೆ ಮತ್ತು ಮಲೆನಾಡಿನ ನಂಟು

ಪ್ರಶ್ನೆ: ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುತ್ತೇನೆ. ಬರುವ ಡಿಸೆಂಬರಿನಲ್ಲಿ ನಮ್ಮ ವಿದ್ಯಾರ್ಥಿಗಳನ್ನು ಗೋವಾಕ್ಕೆ ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯಬೇಕೆಂದಿದ್ದೇವೆ. ಹಳೆ ಗೋವಾದ ದೊಡ್ಡ ಚರ್ಚುಗಳ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಆದರೆ ಪಣಜಿ ಪೇಟೆಯ ನಡುವೆ, ಅಂಕುಡೊಂಕಾದ ಮೆಟ್ಟಿಲುಸಾಲಿನ ಮೇಲೆ ನಿಂತಿರುವ ಅಮಲೋದ್ಭವ ಮಾತೆಯ (ಯೇಸುವಿನ ತಾಯಿ ಮರಿಯಮ್ಮನವರ) ಬಿಳಿ ಚರ್ಚಿನ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆಯೇ ಹೊರತು ಒಳಗಿರುವುದನ್ನು ನೋಡುವವರು ಕಡಿಮೆ. ಅದು ಇಂದಿಗೂ ಆ ಊರಿನ ಧರ್ಮಕೇಂದ್ರದ ಚರ್ಚು. ಅಲ್ಲಿ ದಿನವೂ ಪೂಜೆ ನಡೆಯುತ್ತದೆ. ನನ್ನ ವಿದ್ಯಾರ್ಥಿಗಳು ನೋಡಬೇಕಾದದ್ದು ಹೀಗೆ ಬಳಕೆಯಲ್ಲಿ ಉಳಿದಿರುವ ಕಟ್ಟಡವನ್ನೇ ಎಂಬುದು ನನ್ನ ಅಭಿಪ್ರಾಯ.

ಹಿಂದೊಮ್ಮೆ ಆ ಚರ್ಚಿನೊಳಗೆ ನಿಂತಾಗ ನನಗೆ ಕೆಲವು ಸಂಗತಿಗಳು ಬಗೆಹರಿಯಲಿಲ್ಲ. ಹೊರಗೋಡೆ ಅಷ್ಟೊಂದು ಸರಳವಾಗಿದ್ದು, ಒಳಗಿನ ಪೀಠಗಳು (ಪೂಜೆಯ ವೇದಿಕೆಯ ಹಿಂದೆ ನಿಲ್ಲಿಸಿದ ಕೆತ್ತನೆಯ ಮರದ ರಚನೆಗಳು) ಮಾತ್ರ ಕಣ್ಣು ನಿಲ್ಲಲು ಜಾಗವಿಲ್ಲದಷ್ಟು ಚಿನ್ನದ ಬಳ್ಳಿ, ಕಂಬ, ಕಮಾನುಗಳಿಂದ ತುಂಬಿರುವುದೇಕೆ? ಇಂತಹ ಚರ್ಚನ್ನು ಬರೋಕ್ (ಹದಿನೇಳನೆಯ ಶತಮಾನದ ಯುರೋಪಿನ ಅಲಂಕಾರಪ್ರಧಾನ ಕಲಾಶೈಲಿ) ಎಂದು ಕರೆಯುವುದು ಯಾವ ಆಧಾರದ ಮೇಲೆ? ಆ ಮರದ ಕೆಲಸವನ್ನು ಮಾಡಿದ ಕೈಗಳು ಯಾರವು? ಇಕ್ಕೇರಿ, ಕೆಳದಿಗಳ ಕಲ್ಲಿನ ಕೆಲಸವನ್ನು ನೋಡುತ್ತ ಬೆಳೆದ ಮಲೆನಾಡಿನ ಹುಡುಗ ಹುಡುಗಿಯರಿಗೆ ಇಂತಹ ಪೀಠವನ್ನು ಎಲ್ಲಿಂದ ನೋಡಲು ಆರಂಭಿಸಿ ಎಂದು ಹೇಳಬೇಕು? ನಮ್ಮ ಕಡೆಯ ಇತಿಹಾಸಕ್ಕೂ ಆ ಚರ್ಚಿನ ಕಾಲಕ್ಕೂ ನೇರವಾದ ಸಂಬಂಧವೇನಾದರೂ ಇದ್ದರೆ ಅದನ್ನೂ ದಯವಿಟ್ಟು ತಿಳಿಸಿ. ಬಲ್ಲವರ ಉತ್ತರಗಳನ್ನು ಸೇರಿಸಿ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ ಸಿದ್ಧಪಡಿಸುವ ಉದ್ದೇಶವಿದೆ.

ಉತ್ತರ: ಇಕ್ಕೇರಿ ದಾರಿ, ಸಾಗರ

ಮೇಡಂ, ನಿಮ್ಮ ಆಯ್ಕೆ ಸಂತೋಷ ತಂದಿತು. ಮೊದಲು ಇತಿಹಾಸವನ್ನು ನೋಡೋಣ.

ಪೋರ್ಚುಗೀಸರು ಗೋವಾವನ್ನು ಗೆದ್ದದ್ದು 1510ರಲ್ಲಿ. ಆಗ ರಾಜಧಾನಿ ಇದ್ದದ್ದು ಇಂದು ಹಳೆ ಗೋವಾ ಎನ್ನುವ ಊರಿನಲ್ಲಿ. ಪಣಜಿ ಮಾಂಡವಿ ನದಿಯ ಮುಖದ ಬಳಿಯಿದ್ದ ಸಣ್ಣ ಬೆಸ್ತರ ಹಳ್ಳಿ. ಅಲ್ಲಿಯ ಗುಡ್ಡದ ಮೇಲೆ 1541ರ ಸುಮಾರಿಗೆ ಒಂದು ಪ್ರಾರ್ಥನಾ ಮಂದಿರ ಎದ್ದಿತು. ಲಿಸ್ಬನ್ನಿನಿಂದ ಹೊರಟ ಹಡಗುಗಳು ಸಾಮಾನ್ಯವಾಗಿ ಆರು ತಿಂಗಳು ಸಮುದ್ರದಲ್ಲಿ ಕಳೆದು ಮಾಂಡವಿಯನ್ನು ಪ್ರವೇಶಿಸುತ್ತಿದ್ದವು. ದಾರಿಯಲ್ಲಿ ಜ್ವರ, ಬಾಯಿಹುಣ್ಣು, ಬಿರುಗಾಳಿಗಳಿಗೆ ಸಂಗಾತಿಗಳನ್ನು ಕಳೆದುಕೊಂಡು ಬದುಕುಳಿದ ನಾವಿಕರು ರಾಜಧಾನಿಗೆ ಹೋಗುವ ಮೊದಲೇ ಇಲ್ಲಿ ಇಳಿದು ಮಾತೆಗೆ ಹರಕೆ ಒಪ್ಪಿಸುತ್ತಿದ್ದರೆಂದು ಈ ಚರ್ಚಿನ ಇತಿಹಾಸ ಹೇಳುತ್ತದೆ. 1600ರಲ್ಲಿ ಪಣಜಿ ಸ್ವತಂತ್ರ ಧರ್ಮಕೇಂದ್ರವಾಯಿತು; 1619ರಲ್ಲಿ ಹಳೆಯ ಮಂದಿರದ ಜಾಗದಲ್ಲಿ ದೊಡ್ಡ ಚರ್ಚನ್ನು ಕಟ್ಟಲಾಯಿತು. ಇಂದು ಕಾಣುವ ಕಟ್ಟಡದ ಮೂಲ ಅದೇ. ರೋಗರುಜಿನಗಳಿಂದ ಹಳೆ ಗೋವಾ ಬರಿದಾಗತೊಡಗಿದ ಮೇಲೆ 1759ರಲ್ಲಿ ವೈಸರಾಯ್ ಪಣಜಿಗೆ ವಾಸ ಬದಲಿಸಿದ. 1843ರಲ್ಲಿ ಪಣಜಿಯೇ ಅಧಿಕೃತ ರಾಜಧಾನಿಯಾಯಿತು. ಊರು ಬೆಳೆದಂತೆ ಚರ್ಚೂ ಬೆಳೆಯಿತು. ಹೀಗಾಗಿ ಮೆಟ್ಟಿಲುಸಾಲು, ನಡುವಿನ ಗಂಟೆಗೋಪುರ, ಒಳಗಿನ ಕೆಲವು ಪೀಠಗಳು ಬೇರೆ ಬೇರೆ ಕಾಲದಲ್ಲಿ ಸೇರಿದವು. ಇಡೀ ಕಟ್ಟಡ ಒಂದೇ ಏಟಿಗೆ ರೂಪುಗೊಂಡಿತೆಂದು ವಿದ್ಯಾರ್ಥಿಗಳು ಭಾವಿಸದಂತೆ ನೋಡಿಕೊಳ್ಳಿ.

ಗಂಟೆಯ ಕಥೆಯನ್ನು ಮಾತ್ರ ವಿವರವಾಗಿ ಹೇಳಲೇಬೇಕು. ಅದನ್ನು ಎರಕ ಹೊಯ್ದದ್ದು ಈ ಚರ್ಚಿಗಾಗಿ ಅಲ್ಲ. ಹಳೆ ಗೋವಾದ ಗುಡ್ಡದ ಮೇಲಿದ್ದ ಅಗಸ್ಟೀನ್ ಸಭೆಯ ಸನ್ಯಾಸಿಗಳ ದೊಡ್ಡ ಚರ್ಚಿಗಾಗಿ. 1835ರಲ್ಲಿ ಪೋರ್ಚುಗೀಸ್ ಸರ್ಕಾರ ಗೋವಾದ ಸನ್ಯಾಸಿ ಸಭೆಗಳನ್ನು ಮುಚ್ಚಿಸಿತು. ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಆ ಚರ್ಚಿನ ಛಾವಣಿ ಕುಸಿಯಿತು. ಇಂದು ಅಲ್ಲಿ ಉಳಿದಿರುವುದು ಸುಮಾರು 46 ಮೀಟರ್ ಎತ್ತರದ ಜಂಬಿಟ್ಟಿಗೆ ಗೋಪುರದ ಒಂದು ಪಾಲು. ಅಲ್ಲಿಂದ ಇಳಿಸಿದ ಗಂಟೆಯನ್ನು ಕೆಲವು ಕಾಲ ಅಗ್ವಾದ ಕೋಟೆಯ ದೀಪಸ್ತಂಭದಲ್ಲಿ ಇರಿಸಲಾಗಿತ್ತು. 1871ರಲ್ಲಿ ಅದನ್ನು ಪಣಜಿಗೆ ತಂದು, ಅದಕ್ಕಾಗಿಯೇ ಮುಖಗೋಡೆಯ ನಡುವೆ ಗೋಪುರವೊಂದನ್ನು ಎತ್ತಿದರು. ಗೋವಾದಲ್ಲಿ ಇದಕ್ಕಿಂತ ದೊಡ್ಡದಾದ ಗಂಟೆ ಹಳೆ ಗೋವಾದ ಸೇ ಕೆಥೆಡ್ರಲಿನದು ಮಾತ್ರ. ಅಂದರೆ ಆ ಚರ್ಚಿನ ಮುಖದ ಇಂದಿನ ಆಕಾರವನ್ನು ನಿರ್ಧರಿಸಿದ್ದು ಹಾಳುಬಿದ್ದ ಇನ್ನೊಂದು ಚರ್ಚಿನ ಗಂಟೆ. ಇದನ್ನು ತಿಳಿದು ಮೇಲೆ ನೋಡಿದರೆ ನಡುವಿನ ಗೋಪುರ ಉಳಿದ ಭಾಗಕ್ಕಿಂತ ಭಾರವಾಗಿ ಕಾಣುವುದೇಕೆಂದು ಅರ್ಥವಾಗುತ್ತದೆ.

ಇನ್ನು ಬರೋಕ್ ವಿಚಾರ. ಯುರೋಪಿನಲ್ಲಿ ಪ್ರೊಟೆಸ್ಟೆಂಟ್ ಸುಧಾರಕರು ಚರ್ಚುಗಳಲ್ಲಿ ವಿಗ್ರಹ, ಚಿತ್ರಗಳಿರುವುದನ್ನೇ ಪ್ರಶ್ನಿಸಿದಾಗ, 1545ರಿಂದ 1563ರವರೆಗೆ ಸೇರಿದ್ದ ಕಥೋಲಿಕ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ ಅವುಗಳನ್ನು ಉಳಿಸಿಕೊಳ್ಳುವುದಾಗಿ ತೀರ್ಮಾನಿಸಿತು. ಚಿತ್ರಗಳು ಅಕ್ಷರ ಬಾರದವರಿಗೂ ವಿಶ್ವಾಸದ ಸಂಗತಿಗಳನ್ನು ತಿಳಿಸಬೇಕು, ಭಕ್ತಿಯನ್ನು ಎಬ್ಬಿಸಬೇಕು ಎಂಬುದು ಅದರ ನಿಲುವು. ರೋಮಿನಲ್ಲಿ 1568ರಲ್ಲಿ ಆರಂಭವಾಗಿ 1584ರಲ್ಲಿ ಪ್ರತಿಷ್ಠೆಗೊಂಡ ಯೇಸುಸಭೆಯ (ಜೆಸ್ವಿಟ್ ಸನ್ಯಾಸಿಗಳ) ಜೆಸು ಚರ್ಚು ಹೊಸ ಬಗೆಯ ಕಟ್ಟಡಕ್ಕೆ ಮಾದರಿಯಾಯಿತು. ಅಡ್ಡ ಬರುವ ಕಂಬಗಳಿಲ್ಲದ ಒಂದೇ ಅಗಲವಾದ ಹಜಾರ, ಎಲ್ಲರಿಗೂ ಕಾಣುವ ಮುಖ್ಯ ಪೀಠ, ಎಲ್ಲರಿಗೂ ಕೇಳುವಂತೆ ಗೋಡೆಗೆ ಹೊಂದಿಸಿದ ಪ್ರವಚನ ಪೀಠ ಇವು ಅದರ ಲಕ್ಷಣಗಳು. ಮುಂದಿನ ಶತಮಾನದಲ್ಲಿ ಬೆರ್ನಿನಿಯಂತಹ ಶಿಲ್ಪಿಗಳು ಇದಕ್ಕೆ ಚಲನೆಯನ್ನೂ ಬೆಳಕಿನ ನಾಟಕೀಯತೆಯನ್ನೂ ಸೇರಿಸಿದರು. ಸಂತ ಪೇತ್ರರ ಮಹಾದೇವಾಲಯದಲ್ಲಿ 1624ರಿಂದ 1633ರವರೆಗೆ ಅವರು ನಿರ್ಮಿಸಿದ ಕಂಚಿನ ಮಂಟಪದ ತಿರುಚಿದ ಕಂಬಗಳನ್ನು ಕಥೋಲಿಕ ಜಗತ್ತಿನ ಮೂಲೆಮೂಲೆಯ ಪೀಠಗಳು ಅನುಕರಿಸಿದವು. ಪಣಜಿಯ ಚರ್ಚಿನಲ್ಲಿ ಈ ಪರಂಪರೆ ಕಾಣುವುದು ಒಂದೇ ಹಜಾರದ ವಿನ್ಯಾಸದಲ್ಲಿ ಮತ್ತು ಪೀಠಗಳಲ್ಲಿ.

ಹೊರಗೆ ಸರಳ, ಒಳಗೆ ಸಮೃದ್ಧ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಕಲ್ಲಿನಲ್ಲಿದೆ. ನಮ್ಮ ಹೊಸನಗರ, ಸಾಗರಗಳ ಮನೆಗಳ ಹಾಗೆಯೇ ಅಲ್ಲಿಯೂ ಗೋಡೆ ಎಬ್ಬಿಸುವುದು ಜಂಬಿಟ್ಟಿಗೆಯಿಂದ. ಅದು ತೂತುತೂತಾದ ಒರಟು ಕಲ್ಲು. ಎಲೆಯ ನರವನ್ನಾಗಲಿ ಮುಖದ ರೇಖೆಯನ್ನಾಗಲಿ ಅದರಲ್ಲಿ ಬಿಡಿಸಲಾಗದು. ಹಳೆ ಗೋವಾದ ಬೊಮ್ ಜೆಸುಸ್ ಚರ್ಚಿನ ಮುಖದಲ್ಲಿ ಸೂಕ್ಷ್ಮ ಕೆತ್ತನೆ ಇರುವ ಭಾಗಗಳಿಗೆ ಬೇರೆ ಕಡೆಯಿಂದ ತಂದ ಕಪ್ಪು ಬಸಾಲ್ಟ್ ಕಲ್ಲನ್ನು ಬಳಸಿದ್ದಾರೆ. ಅಷ್ಟು ಅನುಕೂಲವಿಲ್ಲದ ಊರಿನ ಚರ್ಚು ಹೊರಗೆ ಗಾರೆ ಮೆತ್ತಿ ಸುಣ್ಣ ಬಳಿದು, ತನ್ನ ಹಣವನ್ನೂ ಶ್ರದ್ಧೆಯನ್ನೂ ಒಳಗಿನ ಮರದ ಮೇಲೆ ಸುರಿಯಿತು.

ಒಳಗೆ ಮುಖ್ಯ ಪೀಠ ಅಮಲೋದ್ಭವ ಮಾತೆಯದು. ಇಕ್ಕೆಲದ ಪೀಠಗಳಲ್ಲಿ ಒಂದು ಶಿಲುಬೆಗೇರಿದ ಯೇಸುವಿಗೆ, ಇನ್ನೊಂದು ಜಪಮಾಲೆ ಮಾತೆಗೆ ಮೀಸಲು. ಸಂತ ಪೇತ್ರ ಮತ್ತು ಸಂತ ಪೌಲರ ಪ್ರತಿಮೆಗಳೂ ಇವೆ. ಬದಿಯಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಕಿರುಗುಡಿಯನ್ನು ತಪ್ಪಿಸಬೇಡಿ. ಅಲ್ಲಿಯ ಪೀಠ ಮೊದಲು ಇದ್ದದ್ದು ನದಿ ದಂಡೆಯ ಅರಮನೆಯ ಪ್ರಾರ್ಥನಾ ಮಂದಿರದಲ್ಲಿ. ಅದನ್ನು ಇಲ್ಲಿಗೆ ತಂದದ್ದು 1918ರಲ್ಲಿ. ಆ ಅರಮನೆಯನ್ನು ಮೂಲತಃ ಕಟ್ಟಿಸಿದವರು ನಮ್ಮ ವಿಜಯಪುರದ ಆದಿಲ್‌ಶಾಹಿಗಳು. ಸುಲ್ತಾನರ ಅರಮನೆ ವೈಸರಾಯರ ನಿವಾಸವಾಗಿ, ಅದರೊಳಗಿದ್ದ ಪೀಠ ಕೊನೆಗೆ ಊರಿನ ಚರ್ಚಿಗೆ ಬಂದು ಸೇರಿದ ಈ ಸರಣಿಯನ್ನು ವಿದ್ಯಾರ್ಥಿಗಳಿಗೆ ಆ ಪೀಠದ ಮುಂದೆಯೇ ನಿಲ್ಲಿಸಿ ಹೇಳಿದರೆ ಒಳ್ಳೆಯದು.

ಮುಖ್ಯ ಪೀಠದ ಮುಂದೆ ಇನ್ನೊಂದು ಮೇಜಿನಂತಹ ಪೀಠ ಏಕಿದೆ ಎಂದು ಅವರು ಕೇಳಬಹುದು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಸುಧಾರಣೆಗಳ ನಂತರ ಧರ್ಮಗುರುಗಳು ಜನರತ್ತ ಮುಖ ಮಾಡಿ ಪೂಜೆ ಅರ್ಪಿಸುವ ಪದ್ಧತಿ ಬಂದಿತು. ಅದಕ್ಕೆ ಮುಂದಿನ ಮೇಜು ಬೇಕಾಯಿತು. ಹಿಂದಿನ ಬರೋಕ್ ಪೀಠ ತನ್ನ ಜಾಗದಲ್ಲಿಯೇ ಉಳಿಯಿತು.

ಉತ್ತರ: ಉಳಿ ಕೊಡತಿ, ಸೊರಬ

ಮೇಲಿನ ಉತ್ತರವನ್ನು ಗೌರವದಿಂದ ಓದಿದೆ. ಮರದ ಕೆತ್ತನೆಯೇ ನನ್ನ ಕಸುಬಾದ್ದರಿಂದ ಕೈಕೆಲಸದ ಬಗ್ಗೆ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಇಂತಹ ಪೀಠವನ್ನು ದೂರದಿಂದ ನೋಡಿದಾಗ ಒಂದೇ ಬೃಹತ್ ವಸ್ತುವಿನಂತೆ ಕಾಣುತ್ತದೆ. ನಿಜದಲ್ಲಿ ಅದು ನೂರಾರು ತುಂಡುಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಚೌಕಟ್ಟಿಗೆ ಹೊಂದಿಸಿ, ಗೋಡೆಗೆ ಆನಿಸಿ ನಿಲ್ಲಿಸಿದ ಜೋಡಣೆ. ಹೀಗಾಗಿ ವಿದ್ಯಾರ್ಥಿಗಳು ಮೊದಲು ಚಿನ್ನವನ್ನು ಮರೆತು ಕಟ್ಟಡವನ್ನು ಹುಡುಕಬೇಕು. ಕೆಳಗೆ ಅಧಿಷ್ಠಾನ, ಅದರ ಮೇಲೆ ಕಂಬಗಳು, ಕಂಬಗಳ ನಡುವೆ ವಿಗ್ರಹದ ಗೂಡು, ಮೇಲೆ ಅಡ್ಡತೊಲೆ, ಅದರ ಮೇಲೆ ಕಮಾನು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಗೋಡೆಯನ್ನು ಓದಲು ಬಲ್ಲವರಿಗೆ ಈ ಕ್ರಮ ಹೊಸದಲ್ಲ. ಎಲುಬುಗೂಡು ಕಣ್ಣಿಗೆ ಸಿಕ್ಕಿದ ಮೇಲೆ ಬಳ್ಳಿ, ಹಣ್ಣು, ದೇವದೂತರ ಮುಖಗಳು ಎಲ್ಲೆಲ್ಲಿ ಅದನ್ನು ಮುಚ್ಚುತ್ತವೆ, ಎಲ್ಲೆಲ್ಲಿ ತೋರಿಸುತ್ತವೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ತಿರುಚಿದ ಕಂಬವನ್ನು ಮಾಡುವ ಬಗೆಯನ್ನು ಹೇಳುತ್ತೇನೆ. ಮೊದಲು ಮರವನ್ನು ಉರುಟಾಗಿ ತಿದ್ದಿಕೊಳ್ಳಬೇಕು. ನಂತರ ಅದರ ಸುತ್ತ ದಾರವನ್ನು ಕೆಳಗಿನಿಂದ ಮೇಲಕ್ಕೆ ಸಮಾನ ಅಂತರದಲ್ಲಿ ಸುತ್ತಿ, ದಾರದ ಗುಂಟ ಗೆರೆ ಎಳೆದು, ಗೆರೆಯ ಒಂದು ಬದಿಯನ್ನು ತಗ್ಗಾಗಿ ತೋಡುತ್ತ ಹೋಗಬೇಕು. ಸುತ್ತು ತಿರುಗಿದಂತೆಲ್ಲ ಮರದ ನಾರು ಉಳಿಗೆ ಒಮ್ಮೆ ಅನುಕೂಲವಾಗಿ, ಮರುಕ್ಷಣ ಎದುರಾಗಿ ಬರುತ್ತದೆ. ಎದುರು ನಾರಿನಲ್ಲಿ ಕೊಡತಿಯ ಒಂದು ಪೆಟ್ಟು ಹೆಚ್ಚಾದರೂ ಚಕ್ಕೆ ಕಿತ್ತುಬರುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲಿಯೂ ಉಳಿಯ ದಿಕ್ಕನ್ನು ಬದಲಿಸುತ್ತಲೇ ಇರಬೇಕು. ಜೊತೆಜೊತೆಯಾಗಿ ನಿಲ್ಲುವ ಕಂಬಗಳಲ್ಲಿ ಒಂದು ಬಲಕ್ಕೂ ಇನ್ನೊಂದು ಎಡಕ್ಕೂ ತಿರುಗಿದ್ದರೆ ಅದನ್ನು ವಿದ್ಯಾರ್ಥಿಗಳಿಗೆ ತೋರಿಸಿ. ಕನ್ನಡಿಯ ಬಿಂಬದಂತೆ ಎರಡನ್ನೂ ಸಮವಾಗಿ ತರುವುದು ಅನುಭವಿ ಕೈಯ ಕೆಲಸ. ಇಂತಹ ಕಂಬಗಳಿಗೆ ಹಬ್ಬಿಸುವ ದ್ರಾಕ್ಷಿ ಬಳ್ಳಿಗೆ ಧಾರ್ಮಿಕ ಅರ್ಥವಿದೆ. ಬಲಿಪೂಜೆಯಲ್ಲಿ ದ್ರಾಕ್ಷಾರಸ ಕ್ರಿಸ್ತನ ರಕ್ತವಾಗುತ್ತದೆ ಎಂಬ ವಿಶ್ವಾಸವನ್ನು ಅದು ಪೀಠದ ಮೇಲೆಯೇ ಬರೆದಿಟ್ಟಿದೆ.

ಚಿನ್ನದ ಕೆಲಸ ಇನ್ನೂ ನಿಧಾನದ್ದು. ಕೆತ್ತಿದ ಮರಕ್ಕೆ ತೊಗಲಿನಿಂದ ಕಾಯಿಸಿದ ಅಂಟಿನಲ್ಲಿ ಕಲಸಿದ ನುಣುಪಾದ ಬಿಳಿ ಪುಡಿಯನ್ನು ಹಲವು ಪದರಗಳಲ್ಲಿ ಬಳಿಯುತ್ತಾರೆ. ಒಣಗಿದ ಮೇಲೆ ಉಜ್ಜಿ ನಯಮಾಡಿ, ಮುಚ್ಚಿಹೋದ ಸೂಕ್ಷ್ಮ ಗೆರೆಗಳನ್ನು ಮತ್ತೆ ಬಿಡಿಸುತ್ತಾರೆ. ಅದರ ಮೇಲೆ ಕೆಂಪು ಜೇಡಿಯ ಪದರ. ಅದನ್ನು ತೇವಮಾಡಿ, ಉಸಿರು ತಾಗಿದರೆ ಹಾರಿಹೋಗುವಷ್ಟು ತೆಳುವಾದ ಚಿನ್ನದ ರೇಕನ್ನು ಕೂರಿಸಿ, ಕೊನೆಗೆ ಅಗೇಟ್ ಕಲ್ಲಿನಿಂದ ತಿಕ್ಕಿ ಹೊಳಪು ಬರಿಸುತ್ತಾರೆ. ಕೆಂಪು ಜೇಡಿ ಇರುವುದರಿಂದಲೇ ಚಿನ್ನಕ್ಕೆ ಬೆಚ್ಚನೆಯ ಛಾಯೆ ಬರುತ್ತದೆ. ಹಳೆಯ ಪೀಠಗಳಲ್ಲಿ ಎಲೆಗಳ ಉಬ್ಬಿದ ಅಂಚುಗಳನ್ನು ಹತ್ತಿರದಿಂದ ನೋಡಿದರೆ, ಚಿನ್ನ ಸವೆದ ಕಡೆ ಕೆಂಪು, ಅದೂ ಸವೆದ ಕಡೆ ಬಿಳಿ, ಪೆಟ್ಟಾದ ಕಡೆ ಮರ, ಹೀಗೆ ಪದರಗಳು ಒಂದೊಂದಾಗಿ ಕಾಣುತ್ತವೆ. ಪುಸ್ತಕದಲ್ಲಿ ಓದಿ ತಿಳಿಯುವುದಕ್ಕಿಂತ ಹೆಚ್ಚನ್ನು ಆ ಒಂದು ಬೆರಳಗಲದ ಜಾಗ ಕಲಿಸುತ್ತದೆ. ಮುಟ್ಟಬಾರದು ಎಂದು ಮಾತ್ರ ಮೊದಲೇ ಹೇಳಿಬಿಡಿ.

ವಿದ್ಯುತ್ತಿಲ್ಲದ ಕಾಲದಲ್ಲಿ ಈ ಚಿನ್ನವನ್ನು ಜನ ನೋಡುತ್ತಿದ್ದದ್ದು ಮೇಣದ ಬತ್ತಿಗಳ ಅಲುಗುವ ಬೆಳಕಿನಲ್ಲಿ ಎಂಬುದನ್ನೂ ನೆನಪಿಡಬೇಕು. ಆಳವಾಗಿ ತೋಡಿದ ಭಾಗ ಕತ್ತಲಾಗಿ, ಉಬ್ಬಿದ ಭಾಗ ಮಿನುಗುವಂತೆ ಕೆತ್ತನೆಯ ಆಳವನ್ನು ಲೆಕ್ಕ ಹಾಕಿದ್ದಾರೆ. ಇಂದಿನ ಪ್ರಖರ ದೀಪದಲ್ಲಿ ಎಲ್ಲವೂ ಒಂದೇ ಸಮನೆ ಬೆಳಗುವುದರಿಂದಲೇ ನಿಮಗೆ ಕಣ್ಣು ನಿಲ್ಲಲು ಜಾಗವಿಲ್ಲವೆನಿಸಿರಬಹುದು.

ಯಾರ ಕೈಗಳು ಎಂದು ಕೇಳಿದ್ದೀರಿ. ಗೋವಾದ ಬಹುಪಾಲು ಪೀಠಗಳನ್ನು ಕೆತ್ತಿದವರು ಅಲ್ಲಿಯ ಸ್ಥಳೀಯ ಬಡಗಿಗಳು, ಚಿತ್ತಾರದವರು; ಅವರ ಹೆಸರುಗಳು ಉಳಿದಿಲ್ಲ. ಕ್ರೈಸ್ತರಲ್ಲದ ಕುಶಲಕರ್ಮಿಗಳಿಂದ ಪೂಜಾವಸ್ತು, ಪ್ರತಿಮೆಗಳನ್ನು ಮಾಡಿಸಬಾರದೆಂದು 1567ರ ಗೋವಾ ಪ್ರಾಂತೀಯ ಧರ್ಮಸಭೆ ಕಟ್ಟಳೆ ಮಾಡಿತು. ಹಾಗೆ ಮಾಡಿಸುತ್ತಿದ್ದರು ಎಂಬುದಕ್ಕೆ ಆ ಕಟ್ಟಳೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮತಾಂತರ ಹೊಂದಿದವರ ಕೈಯೂ ಹಿಂದಿನ ಗುರುವಿನಿಂದ ಕಲಿತ ಕೈಯೇ ಆಗಿತ್ತು. ಗೋವಾದ ಹಲವು ಪ್ರವಚನ ಪೀಠಗಳನ್ನು ಸೊಂಟದವರೆಗೆ ಹೆಣ್ಣು, ಅದರ ಕೆಳಗೆ ಸುರುಳಿಯಾದ ಬಾಲವಿರುವ ನಾಗಿಣಿಯಂತಹ ಆಕೃತಿಗಳು ಹೊತ್ತು ನಿಂತಿವೆ. ಬೊಮ್ ಜೆಸುಸ್ ಚರ್ಚಿನ ಪ್ರವಚನ ಪೀಠದಲ್ಲಿ ಮೇಲೆ ಯೇಸು, ನಾಲ್ವರು ಶುಭಸಂದೇಶಕಾರರು (ಯೇಸುವಿನ ಚರಿತೆ ಬರೆದವರು), ನಾಲ್ವರು ಧರ್ಮಪಂಡಿತರು ಇದ್ದು, ಕೆಳಗೆ ಏಳು ಆಕೃತಿಗಳು ಭಾರ ಹೊತ್ತಂತೆ ಕಾಣುತ್ತವೆ. ನಮ್ಮ ಗುಡಿಗಳ ಭಾರವಾಹಕ ಗಣಗಳನ್ನು ಬಲ್ಲವರು ಅವುಗಳ ಮುಂದೆ ನಿಲ್ಲದೆ ಹೋಗಲಾರರು.

ಇಲ್ಲಿಯೇ ನಮ್ಮ ಊರುಗಳ ನಂಟೂ ಇದೆ. ಸಾಗರ, ಸೊರಬಗಳಲ್ಲಿ ಶ್ರೀಗಂಧದ ಕೆತ್ತನೆ ಮತ್ತು ಬೆಂಡಿನ ಬಾಸಿಂಗದ ಕೆಲಸಕ್ಕೆ ಹೆಸರಾದ ಗುಡಿಗಾರರ ಹಿರಿಯರು ಗೋವಾದ ಕಡೆಯಿಂದ, ಪೋರ್ಚುಗೀಸರ ಮತಾಂತರದ ಭಯದಿಂದ, ಘಟ್ಟ ಹತ್ತಿ ಬಂದರೆಂಬ ಹೇಳಿಕೆ ಆ ಸಮುದಾಯದಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಅಲ್ಲಿ ಉಳಿದವರ ಉಳಿ ಪೀಠಗಳನ್ನು ಕೆತ್ತಿತು; ಇಲ್ಲಿಗೆ ಬಂದವರ ಉಳಿ ದೇವರ ಮಂಟಪ, ಪೆಟ್ಟಿಗೆಗಳನ್ನು ಕೆತ್ತಿತು. ಸಾಗರದ ಒಳ್ಳೆಯ ಗಂಧದ ಪೆಟ್ಟಿಗೆಯೊಂದರ ಮುಚ್ಚಳದ ಬಳ್ಳಿಯನ್ನು ಪ್ರವಾಸಕ್ಕೆ ಮೊದಲು ವಿದ್ಯಾರ್ಥಿಗಳಿಗೆ ತೋರಿಸಿ, ಪಣಜಿಯ ಪೀಠದ ಎಲೆಬಳ್ಳಿಯನ್ನು ಆಮೇಲೆ ನೋಡಿಸಿ. ಖಾಲಿ ಜಾಗ ಉಳಿಯಗೊಡದ ಆ ಹಂಬಲವನ್ನು ಅವರೇ ಗುರುತಿಸುತ್ತಾರೆ.

ಕೊನೆಯದಾಗಿ ಒಂದು ಮನವಿ. ನಮ್ಮ ಕಡೆಯ ಒಂದು ಊರಿನಲ್ಲಿ ಹಳೆಯ ಮರದ ಪೀಠಕ್ಕೆ ಡಬ್ಬಿಯ ಚಿನ್ನದ ಬಣ್ಣ ಬಳಿದಿದ್ದನ್ನು ಕಂಡು ಬಹಳ ನೊಂದಿದ್ದೇನೆ. ಆ ಬಣ್ಣದಲ್ಲಿರುವುದು ಹಿತ್ತಾಳೆಯಂತಹ ಲೋಹದ ಪುಡಿ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಕಂದಾಗಿ ಕಪ್ಪಡರುತ್ತದೆ, ಕೆತ್ತನೆಯ ಗೆರೆಗಳನ್ನೂ ತುಂಬಿಬಿಡುತ್ತದೆ. ಗುಡಿಯಾಗಲಿ ಚರ್ಚಾಗಲಿ, ಹಳೆಯ ಮರಕ್ಕೆ ಮೊದಲು ಮಾಡಬೇಕಾದದ್ದು ಹಿಂಬದಿಯ ಗೋಡೆಯ ತೇವವನ್ನೂ ಗೆದ್ದಲನ್ನೂ ತಡೆಯುವುದು. ಬಣ್ಣದ ಮಾತು ಪರಿಣತರನ್ನು ಕೇಳಿದ ಮೇಲೆ.

ತುಂಗಾತೀರ, ಶಿವಮೊಗ್ಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ದಾರ ಸುತ್ತಿ ಗೆರೆ ಹಾಕುವ ವಿವರವನ್ನು ಕೈಪಿಡಿಯಲ್ಲಿ ಖಂಡಿತ ಸೇರಿಸುತ್ತೇನೆ. ಮಾಡುವ ಬಗೆ ತಿಳಿದರೆ ನೋಡುವ ಬಗೆ ಬದಲಾಗುತ್ತದೆ. ಇನ್ನು ಉಳಿದದ್ದು ಕೆಳದಿಯ ವಿಷಯ. ಪಣಜಿಯ ಚರ್ಚು ಬೆಳೆಯುತ್ತಿದ್ದ ಹದಿನೇಳನೆಯ ಶತಮಾನವೇ ಕೆಳದಿ ನಾಯಕರ ಉಚ್ಛ್ರಾಯದ ಕಾಲವಲ್ಲವೇ? ಹಾಗಿದ್ದೂ ಮಲೆನಾಡಿನ ಹಳೆಯ ಚರ್ಚುಗಳಲ್ಲಿ ಬರೋಕ್ ಶೈಲಿಯ ಪೀಠಗಳು ಕಾಣದಿರುವುದಕ್ಕೆ ಕಾರಣವೇನು?

ಉತ್ತರ: ನಗರ ಹೋಬಳಿ, ಹೊಸನಗರ

ಮೇಡಂ, ಕೆಳದಿ ನಾಯಕರ ರಾಜಧಾನಿಯಾಗಿದ್ದ ಬಿದನೂರಿನ ಕೋಟೆಯ ಪಕ್ಕದ ಊರಿನವನಾದ್ದರಿಂದ ಈ ಪ್ರಶ್ನೆಗೆ ಉತ್ತರಿಸಲು ಮನಸ್ಸು ತವಕಿಸಿತು.

ಕೆಳದಿಗೂ ಗೋವಾಕ್ಕೂ ಇದ್ದ ಸಂಬಂಧದಲ್ಲಿ ಜಗಳವೂ ವ್ಯಾಪಾರವೂ ಒಟ್ಟಿಗೇ ಇದ್ದವು. ಬಸರೂರು, ಹೊನ್ನಾವರ, ಮಂಗಳೂರುಗಳಿಂದ ಹೊರಡುತ್ತಿದ್ದ ಅಕ್ಕಿ ಗೋವಾದ ಹೊಟ್ಟೆ ತುಂಬಿಸುತ್ತಿತ್ತು. ಘಟ್ಟದ ಮೇಲಿನ ಕಾಳುಮೆಣಸು ಲಿಸ್ಬನ್ನಿಗೆ ಹೋಗುತ್ತಿತ್ತು. ಶಿವಪ್ಪ ನಾಯಕನು 1652ರಿಂದ 1654ರ ನಡುವೆ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡಾಗ ಗೋವಾ ನಡುಗಿದ್ದು ಸೈನ್ಯಕ್ಕೆ ಮಾತ್ರವಲ್ಲ, ಅಕ್ಕಿ ನಿಂತುಹೋಗುವ ಭಯಕ್ಕೂ ಹೌದು. ಪಣಜಿಯಂತಹ ಚರ್ಚುಗಳ ಪೀಠಗಳನ್ನು ಕೆತ್ತಿದವರು ಉಂಡ ಅನ್ನದಲ್ಲಿ ಕೆಳದಿ ಸೀಮೆಯ ಅಕ್ಕಿಯೂ ಸೇರಿತ್ತು ಎಂದು ವಿದ್ಯಾರ್ಥಿಗಳಿಗೆ ಧೈರ್ಯವಾಗಿ ಹೇಳಬಹುದು.

ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, ಬಸವಪ್ಪ ನಾಯಕನ ಹೆಸರಿನಲ್ಲಿ 1678ರಲ್ಲಿ ಆದ ಒಪ್ಪಂದ ನಿಮ್ಮ ಪ್ರಶ್ನೆಗೆ ಬಹಳ ಮುಖ್ಯ. ಮಿರ್ಜಾನ್, ಹೊನ್ನಾವರ, ಭಟ್ಕಳ, ಕಲ್ಯಾಣಪುರ ಮುಂತಾದ ಕಡೆ ಚರ್ಚು ಕಟ್ಟಲು ಅದು ಅವಕಾಶ ಕೊಟ್ಟಿತು. ಮಂಗಳೂರಿನ ಮಿಲಾಗ್ರಿಸ್ ಚರ್ಚು 1680ರಲ್ಲಿ, ಕೆಳದಿಯ ರಾಣಿ ಕೊಟ್ಟ ಜಾಗದಲ್ಲಿ ಆರಂಭವಾಯಿತೆಂದು ಅದರ ಇತಿಹಾಸ ತಿಳಿಸುತ್ತದೆ. ಗೋವಾದ ಬಾಣಾವಳಿಯಲ್ಲಿ ಹುಟ್ಟಿದ, 2015ರಲ್ಲಿ ಸಂತರೆಂದು ಘೋಷಿತರಾದ ಜೋಸೆಫ್ ವಾಜ್ ಅವರು 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಸಲ್ಲಿಸಿದ್ದು ಇದೇ ಅವಧಿಯಲ್ಲಿ. ವೀರಶೈವ ಅರಸೊತ್ತಿಗೆಯೊಂದು ತನ್ನ ಸೀಮೆಯ ಕೊಂಕಣಿ ಕಥೋಲಿಕ ಒಕ್ಕಲುಗಳಿಗೆ ಈ ನೆಲೆ ಒದಗಿಸಿತು ಎಂಬುದು ನಮ್ಮ ಮಲೆನಾಡು ನೆನಪಿಟ್ಟುಕೊಳ್ಳಬೇಕಾದ ಸಂಗತಿ ಎಂದು ನಾನು ಮನಸಾರೆ ನಂಬಿದ್ದೇನೆ.

ಆದರೆ ಆ ಕಾಲದ ಚರ್ಚುಗಳೆಲ್ಲ ಕರಾವಳಿಯ ಬಂದರುಗಳ ಆಸುಪಾಸಿನಲ್ಲಿದ್ದವು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದನು. 1784ರಲ್ಲಿ ಟಿಪ್ಪು ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಹಳೆಯ ಚರ್ಚುಗಳಲ್ಲಿ ಬಹಳಷ್ಟು ನೆಲಸಮವಾದವು. 1799ರ ನಂತರ ಮರಳಿ ಬಂದವರು ಮೊದಲು ಕಟ್ಟಿಕೊಂಡದ್ದು ಬದುಕನ್ನು, ಆಮೇಲೆ ಚರ್ಚುಗಳನ್ನು. ಅಷ್ಟರಲ್ಲಿ ಬರೋಕ್ ಕಾಲ ಮುಗಿದಿತ್ತು.

ಘಟ್ಟದ ಮೇಲಿನ ಕಥೆ ಬೇರೆ. ಮೈಸೂರು ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲಸ ಮಾಡಿದವರು ಪ್ಯಾರಿಸ್ ವಿದೇಶ ಮಿಷನ್ನಿನ ಫ್ರೆಂಚ್ ಧರ್ಮಗುರುಗಳು. ಅವರು ತಂದದ್ದು ಚೂಪು ಕಮಾನಿನ ಗಾಥಿಕ್ ರುಚಿ. ಗೊರೂರು ಜಲಾಶಯದ ನೀರಿನಲ್ಲಿ ವರ್ಷಕ್ಕೊಮ್ಮೆ ಮುಳುಗುವ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚು ಅದಕ್ಕೆ ಉದಾಹರಣೆ. ಕಾಫಿ ತೋಟಗಳಿಗೆ, ರಸ್ತೆ ಕೆಲಸಗಳಿಗೆ ಕರಾವಳಿಯಿಂದ ಬಂದ ಕುಟುಂಬಗಳು ಕಟ್ಟಿಕೊಂಡದ್ದು ಹೆಂಚಿನ ಮಾಡಿನ ಚಿಕ್ಕ ಚರ್ಚುಗಳನ್ನು. ಚಿಕ್ಕಮಗಳೂರು ಧರ್ಮಕ್ಷೇತ್ರ (ಬಿಷಪ್ಪರೊಬ್ಬರ ಆಡಳಿತ ವ್ಯಾಪ್ತಿ) ಆದದ್ದು 1963ರಲ್ಲಿ, ಅದರಿಂದ ಶಿವಮೊಗ್ಗ ಬೇರೆಯಾದದ್ದು 1988ರಲ್ಲಿ. ಶಿವಮೊಗ್ಗ ನಗರದ ನಡುವಿನ ಪವಿತ್ರ ಹೃದಯ ದೇವಾಲಯದಲ್ಲಿ ರೋಮನ್, ಗಾಥಿಕ್ ಎರಡೂ ಲಕ್ಷಣಗಳು ಬೆರೆತಿವೆ. ಪ್ರವಾಸಕ್ಕೆ ಮೊದಲು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು ಕಮಾನುಗಳ ಆಕಾರವನ್ನು ಗಮನಿಸಲು ಹೇಳಿದರೆ, ಪಣಜಿಯಲ್ಲಿ ವ್ಯತ್ಯಾಸ ತಾವಾಗಿಯೇ ಕಾಣುತ್ತಾರೆ.

ಉತ್ತರ: ಬಾಳೆಬರೆ, ತೀರ್ಥಹಳ್ಳಿ

ಒಳ್ಳೆಯ ಚರ್ಚೆ. ಇಕ್ಕೇರಿ ದಾರಿಯವರ ಒಂದು ಮಾತಿಗೆ ಮಾತ್ರ ನನ್ನ ಸಮ್ಮತಿ ಪೂರ್ತಿ ಇಲ್ಲ. ಜಂಬಿಟ್ಟಿಗೆಯಲ್ಲಿ ಕೆತ್ತಲಾಗದು ಎಂಬುದು ನಿಜ. ಆದರೆ ಅದರ ಮೇಲಿನ ಗಾರೆಯಲ್ಲಿ ಏನು ಬೇಕಾದರೂ ಬಿಡಿಸಬಹುದು. ಗೋವಾ ವೆಲ್ಹಾದ ಸಮೀಪ ತಲಾವ್ಲಿಯಲ್ಲಿರುವ ಸಂತ ಅನ್ನಮ್ಮನವರ ಚರ್ಚನ್ನು ನೋಡಿ. 1681ರಿಂದ 1695ರವರೆಗೆ ಕಟ್ಟಿದ ಅದೂ ಹಳ್ಳಿಯ ಧರ್ಮಕೇಂದ್ರದ ಚರ್ಚೇ. ಆದರೂ ಅದರ ಐದು ಅಂತಸ್ತಿನ ಮುಖಗೋಡೆ ಗೋವಾದ ಬರೋಕ್ ಕಟ್ಟಡಗಳಲ್ಲಿಯೇ ಅತ್ಯಂತ ಸಿರಿವಂತವಾದವುಗಳಲ್ಲಿ ಒಂದು. ಹಾಗಾಗಿ ಪಣಜಿಯ ಸರಳತೆಗೆ ಕಲ್ಲಿನ ಜೊತೆಗೆ, ಆ ಊರು ಕಟ್ಟುವ ಕಾಲದಲ್ಲಿ ಇನ್ನೂ ಚಿಕ್ಕದಾಗಿದ್ದದ್ದೂ ಕಾರಣವೆಂದು ನನಗೆ ತೋರುತ್ತದೆ. ಬಿಡುವಿದ್ದರೆ ಎರಡನ್ನೂ ಒಂದೇ ದಿನ ತೋರಿಸಿ.

ಗಾರೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಬೊಮ್ ಜೆಸುಸ್ ಚರ್ಚಿನ ಹೊರಗೋಡೆಯ ಗಾರೆಯನ್ನು 1950ರ ದಶಕದಲ್ಲಿ ಕಿತ್ತುಹಾಕಿದ್ದರಿಂದ ಅದರ ಕೆಂಪು ಕಲ್ಲು ಅಂದಿನಿಂದ ಮಳೆಗೆ ಬಯಲಾಗಿದೆ; ಮತ್ತೆ ಗಾರೆ ಹಾಕಬೇಕೆ ಬೇಡವೇ ಎಂಬ ವಾದ ಇನ್ನೂ ನಡೆದಿದೆ. ಆಗುಂಬೆಯ ಮಳೆಯನ್ನು ಕಂಡವರಿಗೆ ಬರಿಯ ಜಂಬಿಟ್ಟಿಗೆ ಎಷ್ಟು ನೀರು ಕುಡಿಯುತ್ತದೆಂದು ಹೇಳಬೇಕಾಗಿಲ್ಲ. ನನ್ನ ಮಟ್ಟಿಗೆ ಸುಣ್ಣದ ಗಾರೆ ಮರಳಿ ಬರುವುದೇ ಸರಿ. ಪಣಜಿಯ ಚರ್ಚಿನ ಬಿಳುಪು ಅಂದಕ್ಕಾಗಿ ಮಾತ್ರ ಇರುವುದಲ್ಲ ಎಂದು ವಿದ್ಯಾರ್ಥಿಗಳಿಗೆ ಈ ಎರಡನ್ನು ಹೋಲಿಸಿ ವಿವರಿಸಬಹುದು.

ಗೋವಾದವರೆಗೆ ಬರಲಾಗದ ವಿದ್ಯಾರ್ಥಿಗಳಿದ್ದರೆ ಘಾಟಿ ಇಳಿದು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರಕ್ಕೆ ಕರೆದೊಯ್ಯಿರಿ. ಇಟಲಿಯಿಂದ ಬಂದ ಯೇಸುಸಭೆಯ ಆಂಟೋನಿಯೊ ಮೊಸ್ಕೆನಿ ಅವರು 1899ರಿಂದ 1901ರವರೆಗೆ ಅದರ ಗೋಡೆ ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಕಾಲ ತಡವಾದರೂ ಕಣ್ಣಿಗೆ ಚಪ್ಪಟೆ ಗೋಡೆ ಉಬ್ಬಿದಂತೆ ಕಾಣಿಸುವ ಅದರ ಜಾಣ್ಮೆ ಇಟಲಿಯ ಬರೋಕ್ ಛಾವಣಿಗಳಿಂದ ಬಂದದ್ದು.

ಡಿಸೆಂಬರಿನ ದಿನಾಂಕ ಗೊತ್ತುಮಾಡುವ ಮೊದಲು ಇದನ್ನು ಗಮನಿಸಿ. 3ರಂದು ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ, 8ರಂದು ಪಣಜಿಯಲ್ಲಿ ಅಮಲೋದ್ಭವ ಮಾತೆಯ ಹಬ್ಬ. ಆ ದಿನಗಳಲ್ಲಿ ಜಾತ್ರೆಯ ಸಂಭ್ರಮ ನೋಡಸಿಗುತ್ತದೆ, ಪೀಠದ ಹತ್ತಿರ ನಿಂತು ಪಾಠ ಹೇಳಲು ಆಗುವುದಿಲ್ಲ. 8 ಕಳೆದು ನಾಲ್ಕಾರು ದಿನಗಳಾದ ಮೇಲೆ, ಪೂಜೆಯ ಸಮಯವನ್ನು ಮೊದಲೇ ವಿಚಾರಿಸಿಕೊಂಡು, ಬೆಳಗಿನ ಪೂಜೆ ಮುಗಿದ ಹೊತ್ತಿಗೆ ಹೋಗಿ. ಗುಂಪಾಗಿ ಬರುವ ವಿಷಯವನ್ನು ಚರ್ಚಿನ ಕಚೇರಿಗೆ ಪತ್ರದ ಮೂಲಕ ತಿಳಿಸಿದರೆ ಒಳ್ಳೆಯದು.